ಹಿಸ್ಪಾನಿಕ್ ರೋಗಿಗಳ ಆರೈಕೆ: ಅಮೆರಿಕಕ್ಕೆ ಹೊರಟ ನಮ್ಮ ನರ್ಸ್‌ಗಳಿಗೆ ಒಂದು ಮಾರ್ಗದರ್ಶಿ

ಮಂಗಳೂರು, ಉಡುಪಿ, ಬೆಂಗಳೂರಿನ ಕಾಲೇಜುಗಳಲ್ಲಿ ನರ್ಸಿಂಗ್ ಓದಿ, ಅಲ್ಲಿನ ನರ್ಸಿಂಗ್ ಪರವಾನಗಿ ಪರೀಕ್ಷೆಯಾದ ಎನ್‌ಕ್ಲೆಕ್ಸ್ ಪಾಸಾಗಿ ಅಮೆರಿಕಕ್ಕೆ ಹೊರಡುವವರು ಇಂಗ್ಲಿಷನ್ನು ಚೆನ್ನಾಗಿ ತಿದ್ದಿಕೊಂಡೇ ಹೋಗುತ್ತಾರೆ. ಟೆಕ್ಸಾಸ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಡ್ಯೂಟಿಗೆ ಇಳಿದ ಮೇಲೆ ಗೊತ್ತಾಗುತ್ತದೆ, ಎಷ್ಟೋ ಬೆಡ್‌ಗಳ ಸುತ್ತ ಮಾತು ನಡೆಯುವುದು ಸ್ಪ್ಯಾನಿಷ್‌ನಲ್ಲಿ ಎಂದು. 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಹಿಸ್ಪಾನಿಕ್ ಅಥವಾ ಲ್ಯಾಟಿನೊ (ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರು) ಎಂದು ಗುರುತಿಸಿಕೊಂಡವರು 6.21 ಕೋಟಿ, ಅಂದರೆ ಒಟ್ಟು ಜನರಲ್ಲಿ ಶೇ. 18.7. ಟೆಕ್ಸಾಸ್, ಕ್ಯಾಲಿಫೋರ್ನಿಯಾ ಎರಡರಲ್ಲೂ ಈ ಪ್ರಮಾಣ ಶೇ. 39 ದಾಟಿದೆ. ನೋಂದಾಯಿತ ನರ್ಸ್‌ಗಳಲ್ಲಿ ಮಾತ್ರ ಹಿಸ್ಪಾನಿಕ್ ಮೂಲದವರು ಶೇ. 7ರ ಆಸುಪಾಸು. ಹಾಗಾಗಿ ಅವರ ಆರೈಕೆಯ ದೊಡ್ಡ ಪಾಲು ಬೇರೆಯವರ ಕೈಗೆ ಬೀಳುತ್ತದೆ. ಆ ಬೇರೆಯವರಲ್ಲಿ ನಾವೂ ಇದ್ದೇವೆ.

ಈ ರೋಗಿಗಳ ಮನೆಗಳಲ್ಲಿ ನಮಗೆ ಗುರುತು ಸಿಗುವ ಸಂಗತಿಗಳು ಬಹಳ. ಹಿರಿಯರಿಗೆ ಬಹುವಚನ, ಮಗುವಿಗೆ ದೃಷ್ಟಿ ತಾಗುತ್ತದೆ ಎಂಬ ಭಯ, ಬಾಣಂತಿಗೆ ನಲವತ್ತು ದಿನದ ಪಥ್ಯ, ಒಬ್ಬರು ಅಡ್ಮಿಟ್ ಆದರೆ ಹತ್ತು ಜನ ಬರುವುದು. ಇದರಿಂದ ನಮಗೆ ಬೇಗ ಸಲುಗೆ ಸಿಗುತ್ತದೆ, ನಿಜ. ಆದರೆ ನನ್ನ ಅನುಭವದಲ್ಲಿ ನಮ್ಮವರು ಎಡವುವುದೂ ಇಲ್ಲೇ. "ಇವರೂ ನಮ್ಮ ಥರಾನೇ" ಅನ್ನಿಸಿದ ಕೂಡಲೇ ಕೇಳುವುದನ್ನು ನಿಲ್ಲಿಸಿಬಿಡುತ್ತೇವೆ. ಯಾವ ಹಂತದಲ್ಲಿ ಏನನ್ನು ಕೇಳಬೇಕು ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

1. ಮೊದಲು, ಯಾವ ಊರಿನವರು ಎಂದು ತಿಳಿಯಿರಿ

ಹಿಸ್ಪಾನಿಕ್ ಎನ್ನುವುದು ಒಂದು ಜನಾಂಗವಲ್ಲ, ಒಂದು ದೇಶವೂ ಅಲ್ಲ. ಅಮೆರಿಕದಲ್ಲಿರುವ ಹಿಸ್ಪಾನಿಕ್ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೆಕ್ಸಿಕೋ ಮೂಲದವರು. ಉಳಿದವರು ಪೋರ್ಟೊ ರಿಕೊ, ಕ್ಯೂಬಾ, ಎಲ್ ಸಾಲ್ವಡಾರ್, ಡೊಮಿನಿಕನ್ ಗಣರಾಜ್ಯ, ಗ್ವಾಟೆಮಾಲಾ, ಕೊಲಂಬಿಯಾ ಹೀಗೆ ಎಲ್ಲೆಲ್ಲಿಂದಲೋ ಬಂದವರು. ಪೋರ್ಟೊ ರಿಕೊದವರು 1917ರಿಂದಲೂ ಅಮೆರಿಕದ ಪ್ರಜೆಗಳು. ಅವರನ್ನು ವಲಸಿಗರು ಎಂದರೆ ನೋಯುತ್ತಾರೆ. ದಕ್ಷಿಣ ಟೆಕ್ಸಾಸ್‌ನ ಕೆಲವು ಕುಟುಂಬಗಳಂತೂ ಟೆಕ್ಸಾಸ್ ಅಮೆರಿಕಕ್ಕೆ ಸೇರುವ ಮೊದಲಿನಿಂದಲೂ ಅಲ್ಲೇ ಇವೆ. ಮೂರನೇ ತಲೆಮಾರಿನ ಯುವಕನಿಗೆ ಸ್ಪ್ಯಾನಿಷ್ ಬಾರದೆಯೂ ಇರಬಹುದು. ಹೆಸರು ನೋಡಿ ಸ್ಪ್ಯಾನಿಷ್ ಕಾಗದ ಕೈಗಿಡಬೇಡಿ.

ಇನ್ನೊಂದು ಮುಖ್ಯ ವಿಷಯ. ಗ್ವಾಟೆಮಾಲಾದ ಬೆಟ್ಟದೂರುಗಳಿಂದ ಬಂದವರ ಮನೆಮಾತು ಮಾಮ್ ಅಥವಾ ಕಿಚೆ ಆಗಿರಬಹುದು, ಮೆಕ್ಸಿಕೋದ ಒಹಾಕಾ ಕಡೆಯವರದು ಮಿಶ್ಟೆಕ್ ಅಥವಾ ಜಪೊಟೆಕ್. ಅವರಿಗೆ ಸ್ಪ್ಯಾನಿಷ್ ಎರಡನೇ ಭಾಷೆ, ಕೆಲವೊಮ್ಮೆ ಅಷ್ಟಕ್ಕಷ್ಟೆ. ತುಳು, ಕೊಂಕಣಿ, ಬ್ಯಾರಿ ಮನೆಗಳಿಂದ ಹೋದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡ್ಮಿಶನ್ ಫಾರ್ಮಿನಲ್ಲಿ ಭಾಷೆಯ ಕಾಲಂ ತುಂಬುವಾಗ "ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ, ಓದುವುದು ಯಾವುದರಲ್ಲಿ ಸುಲಭ" ಎಂದು ಎರಡನ್ನೂ ಕೇಳಿ.

2. ಹೆಸರು, ಸಂಬೋಧನೆ

ಸ್ಪ್ಯಾನಿಷ್ ಹೆಸರಿನಲ್ಲಿ ಸಾಮಾನ್ಯವಾಗಿ ಎರಡು ಮನೆತನದ ಹೆಸರುಗಳು: ಮೊದಲು ತಂದೆಯ ಕಡೆಯದು, ಆಮೇಲೆ ತಾಯಿಯ ಕಡೆಯದು. ಮರಿಯಾ ಎರ್ನಾಂದೆಸ್ ಲೋಪೆಸ್ ಎಂದಿದ್ದರೆ ದಾಖಲೆಗೆ ಬೇಕಾದ ಮುಖ್ಯ ಮನೆತನದ ಹೆಸರು ಎರ್ನಾಂದೆಸ್. ಕಂಪ್ಯೂಟರಿನ ಮುಂದೆ ಕೂತವರು ಕೊನೆಯ ಪದವನ್ನೇ ಹಿಡಿದು ಲೋಪೆಸ್ ಎಂದು ಹೊಡೆದರೆ, ಒಬ್ಬರಿಗೇ ಎರಡು ಫೈಲುಗಳು ಹುಟ್ಟಿಕೊಳ್ಳುತ್ತವೆ. ಒಂದರಲ್ಲಿ ಪೆನಿಸಿಲಿನ್ ಅಲರ್ಜಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಇನಿಶಿಯಲ್ ಬಿಡಿಸಿ ಬರೆದು ಪಾಸ್‌ಪೋರ್ಟ್ ಕಚೇರಿಯಲ್ಲಿ ಒದ್ದಾಡಿದ ನಮ್ಮವರಿಗೆ ಈ ಗೋಳು ಚೆನ್ನಾಗಿ ಅರ್ಥವಾಗುತ್ತದೆ. ಕೈಪಟ್ಟಿ ಕಟ್ಟುವ ಮುನ್ನ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ರೋಗಿಯ ಬಾಯಿಂದಲೇ ಹೇಳಿಸಿ, ಗುರುತಿನ ಚೀಟಿಯ ಜೊತೆ ತಾಳೆ ನೋಡಿ.

ಕರೆಯುವ ರೀತಿಯಲ್ಲಿ ನಮಗೊಂದು ಅನುಕೂಲವಿದೆ. ಸ್ಪ್ಯಾನಿಷ್‌ನಲ್ಲಿ ನೀನು, ನೀವು ಎರಡೂ ಇವೆ: ತೂ ಮತ್ತು ಉಸ್ತೆದ್. ವಯಸ್ಸಾದವರಿಗೆ, ಪರಿಚಯವಿಲ್ಲದವರಿಗೆ ಉಸ್ತೆದ್ ಎನ್ನಿ. ಮನೆತನದ ಹೆಸರಿಗೆ ಮುಂಚೆ ಗಂಡಸರಿಗೆ ಸೆನ್ಯೋರ್, ಹೆಂಗಸರಿಗೆ ಸೆನ್ಯೋರಾ ಸೇರಿಸಿ. ಅಮೆರಿಕದ ವಾರ್ಡುಗಳಲ್ಲಿ ಎಂಬತ್ತು ವರ್ಷದ ಅಜ್ಜಿಯನ್ನೂ ಬರೀ ಹೆಸರು ಹಿಡಿದು ಕರೆಯುವ ರೂಢಿಯಿದೆ. ಅದು ನಿಮ್ಮ ಬಾಯಿಗೂ ಬೇಗ ಹತ್ತುತ್ತದೆ, ಹತ್ತಿಸಿಕೊಳ್ಳಬೇಡಿ. ಒಳಗೆ ಹೋದ ತಕ್ಷಣ ಐವಿ ಪಂಪ್ ನೋಡದೆ ಮೊದಲು ರೋಗಿಗೆ, ಆಮೇಲೆ ಪಕ್ಕದಲ್ಲಿ ಕೂತ ಹಿರಿಯರಿಗೆ ನಮಸ್ಕಾರ ಹೇಳಿ: ಬ್ವೆನೋಸ್ ದಿಯಾಸ್. ಊರು, ಮಕ್ಕಳು, ಊಟದ ಬಗ್ಗೆ ಒಂದೆರಡು ಮಾತಾಡಿದ ಮೇಲೆ ಬಿಪಿ ಕಫ್ ಸುತ್ತಿ. ಇದರಿಂದ ಹುಟ್ಟುವ ನಂಬಿಕೆಗೆ ಅವರು ಕೊನ್ಫಿಯಾನ್ಸಾ ಎನ್ನುತ್ತಾರೆ. ಇದು ಮೂಡದೆ ಅವರು ನಿಮ್ಮ ಮುಂದೆ ನಿಜವಾದ ತೊಂದರೆಯನ್ನು ಬಿಚ್ಚುವುದಿಲ್ಲ.

3. ದುಭಾಷಿಯಿಲ್ಲದೆ ಮುಖ್ಯವಾದ ಮಾತು ಆಡಬೇಡಿ

ಈ ಹಂತದಲ್ಲಿ ರಾಜಿಯೇ ಇಲ್ಲ. 1980ರಲ್ಲಿ ದಕ್ಷಿಣ ಫ್ಲೋರಿಡಾದ ಆಸ್ಪತ್ರೆಯೊಂದಕ್ಕೆ 18 ವರ್ಷದ ಯುವಕನೊಬ್ಬನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ತಂದರು. ಕ್ಯೂಬಾ ಮೂಲದ ಮನೆಯವರು ಇಂತೋಕ್ಸಿಕಾದೊ ಎಂದರು. ತಿಂದದ್ದೇನೋ ಒಗ್ಗದೆ ಹೀಗಾಗಿದೆ ಎಂಬುದು ಅವರ ಭಾವ. ವೃತ್ತಿಪರ ದುಭಾಷಿ ಇರಲಿಲ್ಲ. ವೈದ್ಯರು ಅದನ್ನು ಇಂಗ್ಲಿಷಿನ ಇಂಟಾಕ್ಸಿಕೇಟೆಡ್ ಎಂಬಂತೆ ಕೇಳಿಸಿಕೊಂಡು, ಮಾದಕ ವಸ್ತುವಿನ ಅತಿಸೇವನೆ ಎಂದುಕೊಂಡು ಆ ದಾರಿಯಲ್ಲೇ ಚಿಕಿತ್ಸೆ ಕೊಟ್ಟರು. ಅಸಲಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುತ್ತಿತ್ತು. ಅದು ಪತ್ತೆಯಾಗುವ ಹೊತ್ತಿಗೆ ಹುಡುಗನ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದ್ದವು. ಪರಿಹಾರದ ಮೊತ್ತ ಅವನ ಜೀವಮಾನದ ಲೆಕ್ಕದಲ್ಲಿ ಸುಮಾರು 7.1 ಕೋಟಿ ಡಾಲರ್. ಅಮೆರಿಕದಲ್ಲಿ ವೈದ್ಯಕೀಯ ದುಭಾಷಿಗಳ ತರಬೇತಿಯಲ್ಲಿ ಇಂದಿಗೂ ಈ ಪ್ರಕರಣವನ್ನು ಹೇಳಿಕೊಡುತ್ತಾರೆ.

ಕಾನೂನೂ ಇದೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಭಾಗ ಮತ್ತು 2010ರ ಅಫೋರ್ಡಬಲ್ ಕೇರ್ ಆ್ಯಕ್ಟ್‌ನ 1557ನೇ ಸೆಕ್ಷನ್ ಪ್ರಕಾರ, ಸರ್ಕಾರಿ ನೆರವು ಪಡೆಯುವ ಆಸ್ಪತ್ರೆ ಇಂಗ್ಲಿಷ್ ಸರಿಯಾಗಿ ಬಾರದ ರೋಗಿಗೆ ಅರ್ಹ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಜೀವಕ್ಕೆ ಅಪಾಯವಿರುವ ತುರ್ತು ಸಂದರ್ಭ ಬಿಟ್ಟರೆ ಮಕ್ಕಳ ಕೈಲಿ ಭಾಷಾಂತರ ಮಾಡಿಸುವಂತಿಲ್ಲ. ಹತ್ತು ವರ್ಷದ ಮಗಳ ಬಾಯಲ್ಲಿ ಅಮ್ಮನಿಗೆ "ನಿಮ್ಮ ಗರ್ಭಕೋಶದಲ್ಲಿ ಗಡ್ಡೆಯಿದೆ" ಎಂದು ಹೇಳಿಸುವುದು ಎಂಥ ಕ್ರೌರ್ಯ, ನೀವೇ ಯೋಚಿಸಿ. ಸಿಬ್ಬಂದಿಯಲ್ಲೇ ಸ್ಪ್ಯಾನಿಷ್ ಬಲ್ಲ ಹೌಸ್‌ಕೀಪಿಂಗ್ ಅಕ್ಕನನ್ನು ಕರೆಯುವುದೂ ಬೇಡ. ನೀವು ಮೊಬೈಲ್ ಆ್ಯಪ್‌ನಲ್ಲಿ ಕಲಿತ ಸ್ಪ್ಯಾನಿಷ್ ನೀರು ಬೇಕೇ, ದಿಂಬು ಸರಿಮಾಡಲೇ ಎನ್ನಲು ಸಾಕು. ಸಮ್ಮತಿ ಪತ್ರಕ್ಕೆ, ಔಷಧದ ವಿವರಣೆಗೆ, ಡಿಸ್ಚಾರ್ಜ್ ಸೂಚನೆಗೆ ಅದು ಸಾಲದು.

ಫೋನಿನಲ್ಲೋ ವಿಡಿಯೋ ಟ್ಯಾಬ್ಲೆಟ್‌ನಲ್ಲೋ ದುಭಾಷಿ ಸಿಕ್ಕ ಮೇಲೆ ಹೀಗೆ ಮಾಡಿ. ಮೊದಲು ಸಂದರ್ಭ ಏನೆಂದು ದುಭಾಷಿಗೆ ಎರಡು ವಾಕ್ಯದಲ್ಲಿ ಹೇಳಿ. ಆಮೇಲೆ ಟ್ಯಾಬ್ಲೆಟ್ ಕಡೆ ನೋಡಬೇಡಿ, ರೋಗಿಯ ಮುಖ ನೋಡಿ ಮಾತಾಡಿ. "ಅವರಿಗೆ ನೋವಿದೆಯಾ ಕೇಳಿ" ಎನ್ನದೆ "ನಿಮಗೆ ನೋವಿದೆಯಾ" ಎಂದೇ ಹೇಳಿ. ಒಂದು ಸಲಕ್ಕೆ ಒಂದೇ ವಿಷಯ. ಮುಗಿದ ಮೇಲೆ ದುಭಾಷಿಯ ಐಡಿ ನಂಬರನ್ನು ಚಾರ್ಟಿನಲ್ಲಿ ಬರೆಯಿರಿ.

ರೋಗಿ "ಸಿ, ಸಿ" (ಹೌದು, ಹೌದು) ಎಂದು ತಲೆಯಾಡಿಸಿದರೆ ಅರ್ಥವಾಯಿತು ಎಂದುಕೊಳ್ಳಬೇಡಿ. ಅದು ನಿಮಗೆ ಕೊಡುವ ಮರ್ಯಾದೆಯೂ ಆಗಿರಬಹುದು. ನಮ್ಮಲ್ಲೂ ಡಾಕ್ಟರ ಮುಂದೆ "ಆಯ್ತು ಸಾರ್" ಎಂದು ಬಂದು ಹೊರಗೆ ಸಿಸ್ಟರನ್ನು ಹಿಡಿದು ಕೇಳುವವರು ಎಷ್ಟು ಜನ! "ನಾನು ಸರಿಯಾಗಿ ಹೇಳಿದೆನಾ ಅಂತ ನೋಡಬೇಕು, ಮನೆಗೆ ಹೋದ ಮೇಲೆ ಈ ಇನ್ಸುಲಿನ್ ಹೇಗೆ ತಗೊಳ್ತೀರಿ, ಒಮ್ಮೆ ತೋರಿಸಿ" ಎಂದು ಅವರಿಂದಲೇ ಮಾಡಿಸಿ.

4. ಕುಟುಂಬಕ್ಕೆ ಜಾಗ ಕೊಡಿ, ನಿರ್ಧಾರ ರೋಗಿಯದಾಗಿರಲಿ

ಆಪರೇಷನ್‌ಗೆ ಒಪ್ಪುವ ಮುನ್ನ ಹೆಂಡತಿ, ಅಣ್ಣ, ದೊಡ್ಡ ಮಗಳು ಎಲ್ಲರನ್ನೂ ಕೇಳಬೇಕು ಎಂದು ರೋಗಿ ಹೇಳಬಹುದು. ಅದನ್ನು ಹಿಂಜರಿಕೆ ಎಂದು ಬರೆದುಕೊಳ್ಳಬೇಡಿ. ವೈದ್ಯರು ಬರುವ ಹೊತ್ತನ್ನು ಮೊದಲೇ ತಿಳಿಸಿ, ಊರಾಚೆಯ ಮಗನನ್ನು ಫೋನಿನಲ್ಲಿ ಸೇರಿಸಿಕೊಳ್ಳಿ. ಎಲ್ಲರೂ ಒಟ್ಟಿಗೆ ರೂಮಿನಲ್ಲಿ ನೆರೆದರೆ ಬೈದು ಕಳಿಸುವ ಬದಲು, ಮಾತಾಡಲು ಒಬ್ಬರನ್ನು ಆರಿಸಿಕೊಳ್ಳಿ ಎಂದು ಅವರನ್ನೇ ಕೇಳಿ. ಅಮ್ಮನಿಗೆ ಸ್ನಾನ ಮಾಡಿಸುತ್ತೇನೆ, ತಲೆ ಬಾಚುತ್ತೇನೆ ಎನ್ನುವ ಮಗಳಿಗೆ ಟವೆಲ್, ಬೆಚ್ಚನೆ ನೀರು ಕೊಟ್ಟು ಪಕ್ಕದಲ್ಲಿರಿ.

ಜೊತೆಗೆ ನೆನಪಿಡಿ, ಅಮೆರಿಕದ ಕಾನೂನಿನಲ್ಲಿ ವಯಸ್ಕ ರೋಗಿಯ ಮಾಹಿತಿ ರೋಗಿಯದು. 1996ರ ಹಿಪಾ ಕಾಯ್ದೆ ಅದನ್ನು ಕಾಯುತ್ತದೆ. ಗಂಡ ಉತ್ತರಿಸುತ್ತಿದ್ದಾನೆ, ಹೆಂಡತಿ ಸುಮ್ಮನಿದ್ದಾಳೆ ಎಂದರೆ ಅದಕ್ಕೆ ಸಂಸ್ಕೃತಿಯೊಂದೇ ಕಾರಣ ಎಂದು ತೀರ್ಮಾನಿಸಿ ಮುಂದೆ ಹೋಗಬೇಡಿ. ತಪಾಸಣೆಯ ನೆಪದಲ್ಲಿ ಅವರೊಬ್ಬರನ್ನೇ ದುಭಾಷಿಯ ಜೊತೆ ಮಾತಾಡಿಸಿ. ಮನೆಯಲ್ಲಿ ಸುರಕ್ಷಿತವಾಗಿದ್ದೀರಾ ಎಂಬ ಪ್ರಶ್ನೆಯನ್ನು ಎಲ್ಲ ರೋಗಿಗಳಿಗೂ ಕೇಳುವಂತೆ ಇವರಿಗೂ ಕೇಳಲೇಬೇಕು.

5. ಮನೆಮದ್ದಿನ ಬಗ್ಗೆ ಕೇಳಿ, ಬೈಯದೆ ಕೇಳಿ

ಮನೋವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು 1978ರಲ್ಲಿ ರೋಗಿಯ ದೃಷ್ಟಿಯಿಂದ ಕಾಯಿಲೆಯನ್ನು ತಿಳಿಯಲು ಕೆಲವು ಪ್ರಶ್ನೆಗಳನ್ನು ಮುಂದಿಟ್ಟರು. ಅವನ್ನು ಅಡ್ಮಿಶನ್ ಹೊತ್ತಿನಲ್ಲಿ ಹೀಗೆ ಬಳಸಬಹುದು: ಇದಕ್ಕೆ ಕಾರಣ ಏನಿರಬಹುದು ಅಂತ ನಿಮಗನ್ನಿಸುತ್ತದೆ? ಈಗಲೇ ಯಾಕೆ ಶುರುವಾಯಿತು? ಇದರಲ್ಲಿ ನಿಮಗೆ ಹೆಚ್ಚು ಭಯ ಯಾವುದರದು? ಇಲ್ಲಿಗೆ ಬರುವ ಮುಂಚೆ ಏನೇನು ಮಾಡಿ ನೋಡಿದಿರಿ? ಕೊನೆಯದನ್ನು ಎಂದೂ ಬಿಡಬೇಡಿ.

ಉತ್ತರದಲ್ಲಿ ನಿಮಗೆ ಕೆಲವು ಹೆಸರು ಕೇಳಿಸಬಹುದು. ಮಾಲ್ ದೆ ಓಹೊ ಎಂದರೆ ಕೆಟ್ಟ ದೃಷ್ಟಿ. ಮೆಚ್ಚಿ ನೋಡಿದವರು ಮಗುವನ್ನು ಮುಟ್ಟದೆ ಹೋದರೆ ದೃಷ್ಟಿಯಾಗುತ್ತದೆ ಎಂದು ಅನೇಕರು ನಂಬುತ್ತಾರೆ. "ಎಷ್ಟು ಚೆಂದದ ಮಗು" ಎಂದ ಮೇಲೆ ಅಮ್ಮನ ಒಪ್ಪಿಗೆ ಪಡೆದು, ಕೈ ತೊಳೆದುಕೊಂಡು ಮಗುವಿನ ತಲೆಯನ್ನೋ ಕೈಯನ್ನೋ ಮೃದುವಾಗಿ ಮುಟ್ಟಿ. ಮಗುವಿನ ಕೈಯಲ್ಲಿ ಕಪ್ಪು ಕಲ್ಲಿನ ಅಥವಾ ಕೆಂಪು ದಾರದ ರಕ್ಷೆಯಿದ್ದರೆ ಕತ್ತರಿಸಬೇಡಿ. ಐವಿಗೆ ಅಡ್ಡವಾದರೆ ಕೇಳಿ, ಇನ್ನೊಂದು ಕೈಗೋ ತೊಟ್ಟಿಲಿಗೋ ಕಟ್ಟಿಸಿ. ಕಳಚಿ ಬೀಳಬಲ್ಲ ಸಣ್ಣ ಮಣಿಗಳಿದ್ದರೆ ಮಾತ್ರ ಮಗು ನುಂಗುವ, ಕತ್ತು ಬಿಗಿಯುವ ಅಪಾಯವನ್ನು ವಿವರಿಸಿ. ಸೂಸ್ತೊ ಎಂದರೆ ಭಯ ಬಿದ್ದು ಬರುವ ಕಾಯಿಲೆ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಮೈಯಲ್ಲಿ ಕಸುವಿಲ್ಲ ಎಂದು ಹೇಳಿಕೊಂಡು ಬಂದಾಗ ಅದರ ಹಿಂದೆ ಅಪಘಾತವೋ ಸಾವೋ ಗಡಿ ದಾಟಿದ ಕಷ್ಟವೋ ಇರಬಹುದು. ಖಿನ್ನತೆಯ ತಪಾಸಣೆಯನ್ನೂ ಮಾಡಿ.

ಕಯೀದಾ ದೆ ಮೊಯೇರಾ ಎಂಬ ಮಾತು ಕೇಳಿದರೆ ಮಾತ್ರ ಮಗುವನ್ನು ತಕ್ಷಣ ನೋಡಿ. ನೆತ್ತಿ ಇಳಿದಿದೆ ಎಂದು ಅದರ ಅರ್ಥ. ವೈದ್ಯಕೀಯವಾಗಿ ಅದು ತೀವ್ರ ನಿರ್ಜಲೀಕರಣದ ಗುರುತು. ಒಳಬಾಯಿಯ ಮೇಲ್ಭಾಗವನ್ನು ಬೆರಳಿನಿಂದ ಒತ್ತುವುದು, ಮಗುವನ್ನು ತಲೆಕೆಳಗು ಹಿಡಿಯುವುದು ಇದಕ್ಕೆ ಮಾಡುವ ಮನೆ ಚಿಕಿತ್ಸೆ. ಅಜ್ಜಿ ನೆತ್ತಿ ಇಳಿದದ್ದನ್ನು ಸರಿಯಾಗಿಯೇ ಗುರುತಿಸಿದ್ದಾರೆ ಎಂದು ಮೊದಲು ಹೇಳಿ. ಆಮೇಲೆ ಮಗುವಿಗೆ ಬೇಕಾಗಿರುವುದು ನೀರಿನಂಶ, ತಲೆಕೆಳಗು ಹಿಡಿದರೆ ಅಪಾಯ ಎಂದು ತಿಳಿಸಿ.

ಎಂಪಾಚೊ ಇನ್ನೊಂದು. ಹೊಟ್ಟೆಯಲ್ಲಿ ತಿಂದದ್ದು ಅಂಟಿಕೊಂಡು ಕೂತಿದೆ ಎಂಬ ನಂಬಿಕೆ. ಹೊಟ್ಟೆ ನೀವುವುದು, ಕಷಾಯ ಕುಡಿಸುವುದು ಸಾಮಾನ್ಯ. ಆದರೆ ಕೆಲವರು ಮಕ್ಕಳಿಗೆ ಅಸಾರ್ಕೋನ್ ಎಂಬ ಕಿತ್ತಳೆ ಪುಡಿ ಅಥವಾ ಗ್ರೇತಾ ಎಂಬ ಹಳದಿ ಪುಡಿ ಕೊಡುತ್ತಾರೆ. ಎರಡೂ ಸೀಸದ ಸಂಯುಕ್ತಗಳು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ ಇವುಗಳಲ್ಲಿ ಸೀಸದ ಪಾಲು ಶೇ. 90ರವರೆಗೂ ಇರಬಲ್ಲದು. ಅಸಾರ್ಕೋನ್ ಅನ್ನು ಕೊರಾಲ್, ಮರಿಯಾ ಲೂಯಿಸಾ, ರುಯೇದಾ ಎಂದೂ ಕರೆಯುತ್ತಾರೆ. ಈ ಹೆಸರು ಕಿವಿಗೆ ಬಿದ್ದರೆ ಪುಡಿಯ ಪೊಟ್ಟಣ ತರಿಸಿ, ವೈದ್ಯರಿಗೆ ತಿಳಿಸಿ, ರಕ್ತದಲ್ಲಿನ ಸೀಸದ ಪರೀಕ್ಷೆ ಕೇಳಿ, ಮನೆಯ ಇತರ ಮಕ್ಕಳ ಬಗ್ಗೆಯೂ ವಿಚಾರಿಸಿ. 2021ರಿಂದ ಮಕ್ಕಳಿಗೆ ಎಚ್ಚರಿಕೆಯ ಮಟ್ಟ ಪ್ರತಿ ಡೆಸಿಲೀಟರ್‌ಗೆ 3.5 ಮೈಕ್ರೋಗ್ರಾಂ. ಅಮೆರಿಕದ ವಿಷ ನಿಯಂತ್ರಣ ಕೇಂದ್ರದ ಉಚಿತ ಸಂಖ್ಯೆ 1-800-222-1222. ಬೇರೆ ಭಾಷೆಯವರಿಗೆ ದುಭಾಷಿಯ ನೆರವೂ ಅಲ್ಲಿ ಸಿಗುತ್ತದೆ. ಮನೆಯವರನ್ನು ಗದರಿಸಿದರೆ ಪೊಟ್ಟಣ ಎಂದಿಗೂ ಹೊರಗೆ ಬರುವುದಿಲ್ಲ. ನಮ್ಮ ಕಡೆಯ ಕೆಲವು ಭಸ್ಮಗಳಲ್ಲೂ ಸೀಸ ಸಿಕ್ಕಿದೆ, ಅದನ್ನು ಕೊಟ್ಟ ತಾಯಂದಿರು ಮಕ್ಕಳ ಮೇಲಿನ ಪ್ರೀತಿಯಿಂದಲೇ ಕೊಟ್ಟದ್ದು.

6. ಬಾಣಂತಿಯ ಹತ್ತಿರ

ಹೆರಿಗೆಯಾದ ಮೇಲಿನ ನಲವತ್ತು ದಿನಕ್ಕೆ ಲಾ ಕ್ವಾರೆಂತೇನಾ ಎನ್ನುತ್ತಾರೆ. ಮೈಯ ಕಾವು ಹೋಗಿರುತ್ತದೆ, ತಣ್ಣನೆಯದು ತಾಗಬಾರದು ಎಂಬ ಲೆಕ್ಕ. ಅಮೆರಿಕದ ಹೆರಿಗೆ ವಾರ್ಡಿನಲ್ಲಿ ಮೊದಲು ಮೇಜಿಗೆ ಬರುವುದು ದೊಡ್ಡ ಮಗ್ ತುಂಬ ಐಸ್ ನೀರು. ಅದು ಮುಟ್ಟದೆ ಹಾಗೇ ಕೂತಿರುತ್ತದೆ, ಚಾರ್ಟಿನಲ್ಲಿ ಮಾತ್ರ "ರೋಗಿ ನೀರು ಕುಡಿಯುತ್ತಿಲ್ಲ" ಎಂದು ಬರುತ್ತದೆ. ಬಿಸಿನೀರೋ ಕ್ಯಾಮೊಮೈಲ್ ಚಹಾವೋ ಬೇಕೇ ಎಂದು ಕೇಳಿ, ಮನೆಯಿಂದ ಕೋಳಿ ಸೂಪು ತರಬಹುದೇ ಎಂದು ವೈದ್ಯರಲ್ಲಿ ವಿಚಾರಿಸಿ. ಊತ ಇಳಿಯಲು ಐಸ್ ಪ್ಯಾಕ್ ಇಡಬೇಕಾದರೆ ಕಾರಣ ಹೇಳಿ. ಬೇಡ ಎಂದರೆ ಬೇರೆ ಉಪಾಯ ನೋಡಿ. ಸ್ನಾನ ಈಗ ಬೇಡ ಎಂದರೆ ಒತ್ತಾಯ ಬೇಡ, ಗಾಯದ ಶುಚಿಯನ್ನು ಮಾತ್ರ ಬಿಡಬೇಡಿ. ಹೊಟ್ಟೆಗೆ ಬಿಗಿಯುವ ಫಾಹಾ ಪಟ್ಟಿ ಸಿಸೇರಿಯನ್ ಹೊಲಿಗೆಯ ಮೇಲೆ ಎಷ್ಟು ಬಿಗಿಯಿರಬೇಕು ಎಂದು ವೈದ್ಯರನ್ನು ಕೇಳಿ ತಿಳಿಸಿ.

ನಮ್ಮ ಬಾಣಂತನ ನೋಡಿ ಬೆಳೆದವರಿಗೆ ಇದೆಲ್ಲ ಗೊತ್ತಿರುವ ಹಾಗೆ ಕಾಣುತ್ತದೆ. ಆದರೂ ಕೇಳಿಯೇ ಮಾಡಿ. ಪಕ್ಕದ ಬೆಡ್ಡಿನ, ಡಲ್ಲಾಸ್‌ನಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಐಸ್ ನೀರೇ ಬೇಕಾಗಿರುತ್ತದೆ, ಅತ್ತೆಯ ಪಥ್ಯದಿಂದ ತಪ್ಪಿಸಿಕೊಳ್ಳಬೇಕಾಗಿರುತ್ತದೆ. ಮೊಲೆಹಾಲಿನ ಜೊತೆ ಫಾರ್ಮುಲಾವನ್ನೂ ಕೊಡುವ ರೂಢಿ ಸಾಕಷ್ಟಿದೆ. ಮೊದಲ ದಿನಗಳ ಗಿಣ್ಣು ಹಾಲು ಸ್ವಲ್ಪವೇ ಆದರೂ ಮಗುವಿನ ಪುಟ್ಟ ಹೊಟ್ಟೆಗೆ ಸಾಕು ಎಂದು ಅಮ್ಮನಿಗೂ ಅಜ್ಜಿಗೂ ಒಟ್ಟಿಗೆ ಹೇಳಿದರೆ ಕೆಲಸವಾಗುತ್ತದೆ.

7. ಶುಗರ್ ಇದ್ದವರಿಗೆ ಊಟದ ಮಾತು

ರೋಗ ನಿಯಂತ್ರಣ ಕೇಂದ್ರದ ಅಂದಾಜಿನಲ್ಲಿ ಅಮೆರಿಕದ ವಯಸ್ಕರಿಗೆ ಜೀವಮಾನದಲ್ಲಿ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಶೇ. 40, ಹಿಸ್ಪಾನಿಕ್ ವಯಸ್ಕರಿಗೆ ಅದು ಶೇ. 50 ಮೀರುತ್ತದೆ. ಡಯಟ್ ಚಾರ್ಟಿನಲ್ಲಿ ಬ್ರೌನ್ ಬ್ರೆಡ್, ಸಲಾಡ್ ಬರೆದು ಕೊಟ್ಟರೆ ಅದು ಕಸದ ಬುಟ್ಟಿ ಸೇರುತ್ತದೆ. ನಿನ್ನೆ ಏನು ತಿಂದಿರಿ ಎಂದು ಕೇಳಿ ಅದರಿಂದಲೇ ಹೊರಡಿ. ಆರು ಇಂಚಿನ ಒಂದು ಮೆಕ್ಕೆಜೋಳದ ತೋರ್ತಿಯಾದಲ್ಲಿ (ಅವರ ರೊಟ್ಟಿ) ಸುಮಾರು 12ರಿಂದ 15 ಗ್ರಾಂ ಕಾರ್ಬೊಹೈಡ್ರೇಟ್ ಇದೆ. ಮೂರನೇ ಒಂದು ಕಪ್ ಅನ್ನವೂ 15 ಗ್ರಾಂ. ದೊಡ್ಡ ಮೈದಾ ತೋರ್ತಿಯಾಗಿಂತ ಸಣ್ಣ ಮೆಕ್ಕೆಜೋಳದ್ದು ಎರಡು, ಹುರಿದ ಬೀನ್ಸ್ ಬದಲು ಬೇಯಿಸಿದ್ದು, ಸೋಡಾ ಮತ್ತು ಓರ್ಚಾತಾ ಎಂಬ ಸಿಹಿ ಅಕ್ಕಿ ಪಾನೀಯದ ಬದಲು ಸಕ್ಕರೆಯಿಲ್ಲದ ಪಾನೀಯ. ಹೀಗೆ ಹೇಳಿದರೆ ಅಡುಗೆ ಮಾಡುವವರು ಕೇಳುತ್ತಾರೆ, ಆದ್ದರಿಂದ ಅವರನ್ನು ಎದುರಿಗೆ ಕೂರಿಸಿಕೊಳ್ಳಿ. ನೋಪಾಲ್ ಎಂಬ ಕಳ್ಳಿಯ ಎಲೆಯನ್ನು ಪಲ್ಯದಂತೆ ತಿನ್ನುತ್ತಾರೆ. ಅದಕ್ಕೆ ಸಕ್ಕರೆ ಇಳಿಸುವ ಗುಣವಿರುವುದರಿಂದ, ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ರಸ ಮಾಡಿ ಹೆಚ್ಚು ಕುಡಿಯುತ್ತಿದ್ದರೆ ಚಾರ್ಟಿನಲ್ಲಿ ದಾಖಲಿಸಿ.

ಇನ್ಸುಲಿನ್ ಶುರುಮಾಡಿದರೆ ಕಣ್ಣು ಹೋಗುತ್ತದೆ ಎಂಬ ಭಯ ಅನೇಕರಲ್ಲಿದೆ. ಸೋದರಮಾವನಿಗೆ ಇನ್ಸುಲಿನ್ ಕೊಟ್ಟರು, ಆಮೇಲೆ ಕುರುಡಾದರು ಎಂಬ ನೆನಪು ಅದರ ಹಿಂದಿರುತ್ತದೆ. ಮಾವನಿಗೆ ಇನ್ಸುಲಿನ್ ಕೊಡುವಷ್ಟರಲ್ಲಿ ಎಷ್ಟು ವರ್ಷ ಶುಗರ್ ಏರಿತ್ತು ಎಂದು ಕೇಳಿ. ಕಣ್ಣಿಗೆ ಪೆಟ್ಟು ಕೊಟ್ಟದ್ದು ಯಾವುದು ಎಂಬುದು ಆ ಲೆಕ್ಕದಲ್ಲೇ ಅವರಿಗೆ ಹೊಳೆಯುತ್ತದೆ.

8. ನೋವು, ಭಯ

ನೋವನ್ನು ಸಹಿಸಿಕೊಳ್ಳುವುದು ದೊಡ್ಡಸ್ತಿಕೆ ಎಂದು ಕೆಲವರು ಬೆಳೆದಿರುತ್ತಾರೆ, ಮುಖ್ಯವಾಗಿ ಹೊಲದಲ್ಲಿ, ಕಟ್ಟಡಗಳಲ್ಲಿ ದುಡಿದ ಗಂಡಸರು. ಇನ್ನು ಕೆಲವರು ಜೋರಾಗಿ ನರಳುತ್ತಾರೆ. ಎರಡನ್ನೂ ತೂಗಲು ಹೋಗಬೇಡಿ. ಮುಖಗಳ ಚಿತ್ರವಿರುವ ಅಳತೆಪಟ್ಟಿ ತೋರಿಸಿ, ಹಾಗೆಯೇ "ನೋವು ಕಡಿಮೆಯಾದರೆ ಬೇಗ ನಡೆಯಬಹುದು, ಬೇಗ ಮನೆಗೆ ಹೋಗಬಹುದು" ಎಂದು ಹೇಳಿ.

ಭಯದ ವಿಷಯ ಇನ್ನೂ ಸೂಕ್ಷ್ಮ. ಮನೆಯಲ್ಲಿ ಯಾರಿಗೋ ಅಮೆರಿಕದಲ್ಲಿ ನೆಲೆಸಲು ಬೇಕಾದ ಕಾಗದಪತ್ರ ಇಲ್ಲದಿರಬಹುದು. 1986ರ ಎಮ್ಟಾಲಾ ಕಾಯ್ದೆ ಪ್ರಕಾರ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ಯಾರನ್ನೂ, ಪೌರತ್ವ ಏನೇ ಇರಲಿ, ತಪಾಸಣೆ ಮಾಡಿ ಸ್ಥಿರಗೊಳಿಸಬೇಕು. ಆದರೆ ಫ್ಲೋರಿಡಾದಲ್ಲಿ 2023ರಿಂದ, ಟೆಕ್ಸಾಸ್‌ನಲ್ಲಿ 2024ರ ನವೆಂಬರ್ 1ರಿಂದ ಅನೇಕ ಆಸ್ಪತ್ರೆಗಳು ನೋಂದಣಿಯಲ್ಲಿ ವಲಸೆ ಸ್ಥಿತಿ ಕೇಳಬೇಕಾಗಿದೆ. ಉತ್ತರಿಸದಿರುವ ಹಕ್ಕು ರೋಗಿಗಿದೆ, ಉತ್ತರದಿಂದ ಚಿಕಿತ್ಸೆ ಬದಲಾಗುವುದಿಲ್ಲ. ಇದನ್ನು ದುಭಾಷಿಯ ಮೂಲಕ ಸ್ಪಷ್ಟವಾಗಿ ಹೇಳಿ. ನೀವಾಗಿ ಎಂದೂ ಕೇಳಬೇಡಿ, ಕಿವಿಗೆ ಬಿದ್ದರೂ ನರ್ಸಿಂಗ್ ನೋಟ್ಸ್‌ನಲ್ಲಿ ಬರೆಯಬೇಡಿ. ಆಸ್ಪತ್ರೆಯಲ್ಲಿ ಸೋಶಿಯಲ್ ವರ್ಕರ್ ಇರುತ್ತಾರೆ, ಬಿಲ್ಲಿನ ಭಯಕ್ಕೂ ಅವರನ್ನೇ ಕರೆಸಿ.

9. ನಂಬಿಕೆ, ಕೊನೆಯ ದಿನಗಳು

ಬಹಳ ಮಂದಿ ಕ್ಯಾಥೊಲಿಕರು, ಎಲ್ಲರೂ ಅಲ್ಲ. ಪೆಂಟೆಕೋಸ್ಟಲ್ ಪಂಗಡದವರೂ ಯೆಹೋವನ ಸಾಕ್ಷಿಗಳೂ ಸಾಕಷ್ಟಿದ್ದಾರೆ. ಸಾಕ್ಷಿಗಳು ರಕ್ತ ಹಾಕಿಸಿಕೊಳ್ಳಲು ಒಪ್ಪುವುದಿಲ್ಲ, ಆದ್ದರಿಂದ ರೋಗಿಗೆ ರಕ್ತ ಕೊಡುವ ಪ್ರಶ್ನೆ ಬಂದಾಗ ಈ ವ್ಯತ್ಯಾಸ ಜೀವದ ಪ್ರಶ್ನೆ. ಆಪರೇಷನ್‌ಗೆ ಮುಂಚೆ ಗ್ವಾದಲೂಪೆ ಮಾತೆಯ (ಮೆಕ್ಸಿಕೋದವರು ಪೂಜಿಸುವ ಮೇರಿ ಮಾತೆಯ) ಪದಕ ತೆಗೆಯಬೇಕಾದರೆ, ರೋಗಿಯ ಕಣ್ಣೆದುರೇ ಕುಟುಂಬದ ಕೈಗೆ ಕೊಡಿ. ದಿಂಬಿನ ಕೆಳಗಿನ ಜಪಮಾಲೆ ಶೀಟ್ ಬದಲಿಸುವಾಗ ಲಾಂಡ್ರಿಗೆ ಹೋಗದಂತೆ ನೋಡಿಕೊಳ್ಳಿ.

ಕ್ಯಾನ್ಸರ್ ಸುದ್ದಿಯನ್ನು ಅಪ್ಪನಿಗೆ ಹೇಳಬೇಡಿ ಎಂದು ಮಕ್ಕಳು ಕಾರಿಡಾರಿನಲ್ಲಿ ಕೈಮುಗಿಯುವುದು ನಮಗೆ ಹೊಸತಲ್ಲ. ಅಲ್ಲಿಯ ದಾರಿ ಬೇರೆ. ಫಲಿತಾಂಶ ಬರುವ ಮುನ್ನವೇ ರೋಗಿಯನ್ನೇ ಕೇಳಿ: "ಪರೀಕ್ಷೆಯ ವಿಷಯ ನಿಮಗೇ ಪೂರ್ತಿ ಹೇಳಬೇಕೇ, ಅಥವಾ ಮನೆಯವರೊಬ್ಬರಿಗೆ ಹೇಳಿದರೆ ಸಾಕೇ?" ಮಗಳಿಗೆ ಹೇಳಿ ಎಂದರೆ ಅದೇ ಅವರ ನಿರ್ಧಾರ. ಅದನ್ನು ದಾಖಲಿಸಿ, ವೈದ್ಯರಿಗೆ ತಿಳಿಸಿ.

10. ಹ್ಯಾಂಡೋವರ್‌ನಲ್ಲಿ ಏನು ಹೇಳಬೇಕು

"ಹಿಸ್ಪಾನಿಕ್ ಪೇಷೆಂಟ್, ಫ್ಯಾಮಿಲಿ ಜಾಸ್ತಿ" ಎಂದು ಮುಂದಿನ ಶಿಫ್ಟ್‌ಗೆ ಹೇಳಿದರೆ ಕೇಳಿಸಿಕೊಂಡವರಿಗೆ ಏನೂ ಸಿಗಲಿಲ್ಲ. ಹೀಗೆ ಹೇಳಿ: "ರೂಮ್ ನಾಲ್ಕು, ಸೆನ್ಯೋರಾ ಎರ್ನಾಂದೆಸ್, ಗ್ವಾಟೆಮಾಲಾದವರು, ಮಾಮ್ ಭಾಷೆ, ಸ್ಪ್ಯಾನಿಷ್ ಓದಲು ಬರುವುದಿಲ್ಲ, ಮಾಮ್ ದುಭಾಷಿಯನ್ನು ಬೆಳಗ್ಗೆ ಹತ್ತಕ್ಕೆ ಗೊತ್ತುಮಾಡಿದೆ. ಬಿಸಿನೀರು ಮಾತ್ರ ಕುಡಿಯುತ್ತಾರೆ. ಮಗುವಿನ ಕೈಯ ಕೆಂಪು ದಾರ ತೆಗೆಯಬೇಡಿ. ನಿರ್ಧಾರಕ್ಕೆ ಅಕ್ಕ ಜೊತೆಗಿರಬೇಕು ಎಂದು ಅವರೇ ಹೇಳಿದ್ದಾರೆ, ಅಕ್ಕ ಕೆಲಸ ಮುಗಿಸಿ ಸಂಜೆ ಆರರ ಮೇಲೆ ಬರುತ್ತಾರೆ. ಸಮ್ಮತಿ ಪತ್ರ ಆಮೇಲೆ."